ಪರೀಕ್ಷೆಗೊಂದು, ಮನೆಗೊಂದು

2019ರಲ್ಲಿ ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಶಿಕ್ಷಕನಾಗಿದ್ದೆ, ಜೊತೆಗೆ ಪ್ರಭಾರ ಮುಖ್ಯ ಶಿಕ್ಷಕ. ಪ್ರಭಾರ ಎಂದರೆ ಸಂಬಳ ಹಳೆಯದು, ತಲೆನೋವು ಹೊಸದು. ನಿವೃತ್ತಿ ಹತ್ತಿರವಿತ್ತು. ಯಾರ ತಂಟೆಗೂ ಹೋಗದೆ ಹಾರ ಹಾಕಿಸಿಕೊಂಡು ಹೊರಟರೆ ಸಾಕು ಎಂದುಕೊಂಡಿದ್ದೆ.

ಹತ್ತನೇ ತರಗತಿಗೆ ಜೀವವಿಕಾಸದ ಪಾಠವಿತ್ತು. ಜೀವಿಗಳು ಇಂದಿನ ರೂಪದಲ್ಲೇ ಒಮ್ಮೆಗೇ ಬಂದವಲ್ಲ, ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಬಂದವು ಎಂಬುದು ಅದರ ತಿರುಳು. ಉದಾಹರಣೆಗೆ ನಾನು ರೇಷ್ಮೆಹುಳುವನ್ನೇ ಹಿಡಿದೆ. ವಿಚಿತ್ರವೆಂದರೆ, ನಮ್ಮ ಕಡೆ ಹುಳು ಸಾಕುವ ಮನೆಯ ಮಕ್ಕಳೂ ಅದರ ಚಿಟ್ಟೆಯನ್ನು ನೋಡಿರುವುದು ಕಡಿಮೆ. ಗೂಡು ಮಾರುಕಟ್ಟೆಗೆ ಹೋಗುತ್ತದೆ, ಅಲ್ಲಿಂದ ನೂಲು ತೆಗೆಯುವ ರೀಲರ್‌ಗಳ ಬಿಸಿನೀರಿಗೆ. ಚಿಟ್ಟೆ ಹೊರಬರುವವರೆಗೆ ಯಾರೂ ಕಾಯುವುದಿಲ್ಲ. ಹಾಗಾಗಿ ರಮ್ಯಾ ಎಂಬ ವಿದ್ಯಾರ್ಥಿನಿ ಮನೆಯಿಂದ ತಂದ ಕೆಲವು ಗೂಡುಗಳನ್ನು ಲ್ಯಾಬಿನ ಕಿಟಕಿಯಲ್ಲಿಟ್ಟೆವು. ಚಿಟ್ಟೆಗಳು ಬಂದವು, ರೆಕ್ಕೆ ಪಟಪಟಿಸಿದವು, ಹಾರಲಿಲ್ಲ.

"ಹಾರಕ್ಕಾಗಲ್ಲ ಅಂದ್ಮೇಲೆ ರೆಕ್ಕೆ ಯಾಕ್ ಸಾರ್?" ಎಂದಳು ರಮ್ಯಾ.

ಖುಷಿಯಿಂದ ವಿವರಿಸಿದೆ. ಕಾಡಿನಲ್ಲಿದ್ದ ಇವುಗಳ ಪೂರ್ವಜ ಚಿಟ್ಟೆಗಳು ಹಾರುತ್ತಿದ್ದವು. ಮನುಷ್ಯರು ಸಾವಿರಾರು ವರ್ಷ ದಪ್ಪ ಗೂಡು ಕಟ್ಟುವ ಹುಳುಗಳನ್ನೇ ಆರಿಸಿ ಸಾಕಿದರು. ಹಾರುವ ಶಕ್ತಿ ಹೋಯಿತು, ರೆಕ್ಕೆ ಉಳಿಯಿತು. ಇಲ್ಲಿ ಆರಿಸಿದವನು ಮನುಷ್ಯ. ಕಾಡಿನಲ್ಲಿ ಬದುಕಿ ಉಳಿದವುಗಳ ಸಂತತಿ ಮುಂದುವರಿಯುತ್ತದೆ, ಅಷ್ಟೇ ವ್ಯತ್ಯಾಸ. ತಾಲ್ಲೂಕು ವಿಜ್ಞಾನ ವಸ್ತುಪ್ರದರ್ಶನಕ್ಕೆ ಅವಳು ಇದನ್ನೇ ಸಿದ್ಧಪಡಿಸತೊಡಗಿದಳು.

ಆ ವಾರವೇ ಅವಳ ತಂದೆ ಮುನಿರಾಜು ಆಫೀಸಿಗೆ ಬಂದರು. ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು.

"ಸಾರ್, ಮರಿಹುಳ ಮನೆಗೆ ತಂದಾಗ್ಲೆಲ್ಲ ಊದುಬತ್ತಿ ಹಚ್ಚಿ ಕೈ ಮುಗಿಯೋರು ನಾವು. ದೇವ್ರು ಯೋಚ್ನೆ ಮಾಡಿ ಹಿಂಗೇ ಇರ್ಬೇಕು ಅಂತ ಮಾಡಿರೋದು ಅಂತೀವಿ. ಮಗಳು ನೋಡಿದ್ರೆ, ಇಲ್ಲ, ಬದಲಾಗ್ತಾ ಬಂದಿರೋದು ಅಂತಾಳೆ. ಯಾವ್ದು ಸಾರ್ ಸರಿ?"

ದೂರು, ವಿಚಾರಣೆ, ಮೊಬೈಲಿನಲ್ಲಿ ಓಡಾಡುವ ವಿಡಿಯೋ, ಎಲ್ಲ ಕಣ್ಣ ಮುಂದೆ ಬಂದವು.

"ಅದು ಸಿಲಬಸ್ ಅಷ್ಟೇ ಮುನಿರಾಜಣ್ಣ. ನಿಮ್ಮದೂ ಸರೀನೇ," ಎಂದು ಟೀ ತರಿಸಿದೆ.

ಮರುದಿನ ತರಗತಿಯಲ್ಲೂ ಬಾಯಿಬಿಟ್ಟು ಹೇಳಿದೆ: "ಪರೀಕ್ಷೆಗೆ ಪುಸ್ತಕದಲ್ಲಿರೋದು ಬರೀರಿ, ಮನೇಲಿ ಮನೆಯೋರು ಹೇಳಿದ್ದು ನಂಬ್ರಿ. ಎರಡೂ ಸರಿ." ಭಾರಿ ಜಾಣತನ ಮಾಡಿದೆನೆಂದು ಅಂದು ಬೀಗಿದ್ದೂ ಉಂಟು.

ಪ್ರದರ್ಶನದ ದಿನ ರಮ್ಯಾ ಸೊಗಸಾಗಿ ವಿವರಿಸಿದಳು. ತೀರ್ಪುಗಾರರಾಗಿ ಬಂದಿದ್ದ ಕಾಲೇಜು ಉಪನ್ಯಾಸಕಿ ಮೆಚ್ಚಿ, "ನಿಂಗೂ ಇದು ನಿಜ ಅನ್ಸುತ್ತೇನಮ್ಮಾ?" ಎಂದು ಕೇಳಿದರು.

"ಇದು ಪರೀಕ್ಷೆಗೆ ಮೇಡಂ. ಮನೇಲಿ ಬೇರೆ ಇದೆ. ಎರಡೂ ಸರಿ ಅಂತ ನಮ್ ಸಾರೇ ಹೇಳಿದಾರೆ."

ಹುಡುಗಿಯ ದನಿಯಲ್ಲಿ ಸ್ವಲ್ಪವೂ ಅಳುಕಿರಲಿಲ್ಲ. ಉಪನ್ಯಾಸಕಿ ನನ್ನ ಕಡೆ ಒಮ್ಮೆ ನೋಡಿ ಮುಂದಿನ ಮೇಜಿಗೆ ಹೋದರು. ನನಗೆ ನಾಚಿಕೆಯಾಯಿತು. ಮಗಳ ಪ್ರದರ್ಶನ ನೋಡಲು ಬಂದಿದ್ದ ಮುನಿರಾಜು ಪಕ್ಕದಲ್ಲೇ ನಿಂತಿದ್ದರು.

"ನಾನು ಜಗಳಕ್ಕೆ ಬಂದಿರ್ಲಿಲ್ಲ ಸಾರ್," ಎಂದರು ಮೆಲ್ಲಗೆ. "ಗೊತ್ತಿಲ್ದೇ ಕೇಳಕ್ಕೆ ಬಂದಿದ್ದೆ. ನೀವು ಟೀ ಕುಡಿಸಿ ಕಳಿಸಿಬಿಟ್ರಿ."

ಅವರನ್ನು ಸೋಮವಾರ ತರಗತಿಗೇ ಕರೆದೆ. ಹಿಂದಿನ ಬೆಂಚಿನಲ್ಲಿ ಕೂತರು. ದೇವರಿದ್ದಾನೋ ಇಲ್ಲವೋ ಎಂದು ಈ ಪಾಠ ಹೇಳುವುದಿಲ್ಲ, ಕೈ ಮುಗಿಯುವುದು ಅವರವರಿಗೆ ಬಿಟ್ಟದ್ದು. ಆದರೆ ಜೀವಿಗಳು ಬದಲಾಗಿವೆ ಎಂಬುದಕ್ಕೆ ಸಾಕ್ಷಿಯಿದೆ, ಅದು ಶಾಲೆಯಲ್ಲೂ ನಿಜ, ಮನೆಯಲ್ಲೂ ನಿಜ ಎಂದೆ. ನಾನು ಮೊದಲು ಹೇಳಿದ್ದು ತಪ್ಪು, ಹೆದರಿ ಹೇಳಿದ್ದು ಎಂದೂ ಒಪ್ಪಿಕೊಂಡೆ. ಮುನಿರಾಜು ತಲೆಯಾಡಿಸುತ್ತ ಕೇಳಿದರು. ನನಗೆ ಹಗುರವಾಯಿತು.

ಏನಾದರೂ ಕೇಳುವುದಿದೆಯೇ ಎಂದೆ. ರಮ್ಯಾ ಎದ್ದು ನಿಂತಳು.

"ಸಾರ್, ಈಗ ಹೇಳಿದ್ದು ನಿಜವಾಗ್ಲೂ ನಿಜಾನಾ, ಇಲ್ಲಾ ಆವತ್ತು ಆ ಮೇಡಂ ಕೇಳ್ಬಿಟ್ರು ಅಂತಾನಾ?"

ನಿಜವೇ ಎಂದೆ. ಅವಳು ಕೂತಳು, ಮುಖದಲ್ಲಿ ಅನುಮಾನ ಹಾಗೇ ಇತ್ತು. ಪಾಠವನ್ನು ಎಷ್ಟು ಸಲ ಬೇಕಾದರೂ ತಿದ್ದಿ ಹೇಳಬಹುದು; ಮೇಷ್ಟ್ರ ಮಾತಿನ ಮೇಲೆ ಮಕ್ಕಳು ಇಟ್ಟ ನಂಬಿಕೆಯನ್ನು ಹಾಗೆ ತಿದ್ದಲಾಗುವುದಿಲ್ಲ ಎಂದು ಆ ಮುಖ ನೋಡಿ ಕಲಿತೆ.