ಹಬೆಯಲ್ಲಿ ಬೆಂದ ಚಕ್ಕಡಿ

ನಮ್ಮ ಸಾಹೇಬರಿಗೆ ನಾವಿಟ್ಟ ಹೆಸರು ಚಕ್ಕಡಿ. ನಾವು ಅಂದರೆ ಧಾರವಾಡದ ನಾನು, ಬೆಳಗಾವಿಯ ನನ್ನ ಗೆಳೆಯ. ಪುಣೆಯ ಶಿವಾಜಿನಗರದ ಪ್ರಯೋಗಾಲಯವೊಂದರಲ್ಲಿ ಕಬ್ಬಿನ ರೋಗ ಹುಡುಕುವ ಕೆಲಸ ನಮ್ಮದು. ಸಾಹೇಬರು ಬಾಯಿ ತೆರೆದರೆ ಮಾತು ಎಣ್ಣೆ ಕಾಣದ ಎತ್ತಿನ ಗಾಡಿಯ ಗಾಲಿಯ ಹಾಗೆ ಕಿರ್ರೆನ್ನುತ್ತಿತ್ತು, ಬೇಗ ಮುಗಿಯುತ್ತಲೂ ಇರಲಿಲ್ಲ. ಅವರದು ಅಪ್ಪಟ ಮರಾಠಿ. ಹಾಗಾಗಿ ಆರು ವರ್ಷ ಅವರೆದುರೇ ಕೈಕಟ್ಟಿ ನಿಂತು ಕನ್ನಡದಲ್ಲಿ ಬೈದೆವು. "ಚಕ್ಕಡಿ ಬಂತು, ಸರೀಲೇ" ಎಂದರೆ ಅವರೂ ನಗುತ್ತಿದ್ದರು. ಪಾಪ, ಏನೂ ತಿಳಿಯದು ಎಂದು ನಾವೂ ನಗುತ್ತಿದ್ದೆವು.

ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಮ್ಮ ಕೆಲಸಕ್ಕೆ ಹಣ ಕೊಡುತ್ತಿದ್ದ ಸಂಸ್ಥೆಯವರು ನಮ್ಮ ತಂಡವನ್ನು ಒಂದು ವಾರ ತಮ್ಮ ಫಿನ್‌ಲ್ಯಾಂಡಿಗೆ ಕರೆದರು. ಊರು ಬಿಟ್ಟು ಕೂತು ಮುಂದಿನ ಕೆಲಸ ಯೋಚಿಸಬೇಕಂತೆ, ಅದಕ್ಕೆ ರಿಟ್ರೀಟ್ ಅನ್ನುತ್ತಾರೆ. ಕಬ್ಬನ್ನು ಕನಸಿನಲ್ಲೂ ಕಾಣದ ದೇಶ! ನನಗಿದ್ದ ಯೋಚನೆ ಒಂದೇ. ನನ್ನ ಗುತ್ತಿಗೆ ನೌಕರಿ ಆ ತಿಂಗಳು ಮುಗಿಯುತ್ತಿತ್ತು, ಮುಂದುವರಿಸಲು ಸಾಹೇಬರ ಸಹಿ ಬೇಕಿತ್ತು.

ಮೂರನೆಯ ಸಂಜೆ ಅಲ್ಲಿಯವರು ನಮ್ಮನ್ನು ಸೌನಾ ಎಂಬ ಹಬೆಸ್ನಾನದ ಮರದ ಕೋಣೆಗೆ ಹೊಗಿಸಿದರು. ಸೊಂಟಕ್ಕೆ ಟವೆಲು ಸುತ್ತಿಕೊಂಡು ಇಡ್ಲಿಗಳ ಹಾಗೆ ಸಾಲಾಗಿ ಕೂತೆವು. ಸಾಹೇಬರ ಹೊಟ್ಟೆ ನೋಡಿ ನಾನು, "ಚಕ್ಕಡಿಗೆ ಲೋಡ್ ಭಾಳ ಆಗೇದ ನೋಡಲೇ" ಎಂದೆ. ಅಷ್ಟರಲ್ಲಿ ಯಾರೋ ಕಾದ ಕಲ್ಲುಗಳ ಮೇಲೆ ನೀರು ಸುರಿದರು. ಹಬೆ ಭುಸ್ಸೆಂದು ಎದ್ದಿತು.

"ಯವ್ವಾ! ಸತ್ತೆನೆಪ್ಪೋ!"

ಕೂಗಿದ್ದು ನಾನಲ್ಲ, ಗೆಳೆಯನೂ ಅಲ್ಲ. ಸಾಹೇಬರು!

ಗೋಡೆಗೂ ಕಿವಿ ಇರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಚಕ್ಕಡಿಗೂ ಇರುತ್ತದೆ ಎಂದು ಹೇಳಿರಲಿಲ್ಲ. ಟವೆಲನ್ನು ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡೆ. ನೌಕರಿ ಹೋಯಿತು ಎಂದುಕೊಂಡೆ.

ಸಾಹೇಬರು ಮುಖ ಒರೆಸಿಕೊಂಡು, "ದೌಂಡದ ರೈಲ್ವೆ ಕ್ವಾರ್ಟರ್ಸಿನ್ಯಾಗ ಬೆಳದಾಂವ ನಾನು. ನಮ್ಮವ್ವ ವಿಜಾಪುರದಾಕಿ" ಎಂದರು.

"ಮತ್ತ ಆರು ವರ್ಷ ಯಾಕ ಸುಮ್ಮನಿದ್ರಿ, ಸರ್?" ಎಂದೆ.

"ಅವ್ವ ಹೋದ ಮ್ಯಾಲೆ ನನ್ನ ಮುಂದ ಕನ್ನಡ ಆಡೋರು ನೀವಿಬ್ಬರ. ನನಗ ತಿಳೀತದ ಅಂದಿದ್ರ ಬಾಯಿ ಮುಚ್ಚತಿದ್ರಿ."

ನನಗೆ ಅಳು ಬಂತು. ಬೆವರು ಎಂದು ಒರೆಸಿಕೊಂಡೆ.

ಮರುದಿನ ಸಹಿ ಸಿಕ್ಕಿತು. ಆದರೆ ಪುಣೆಗೆ ಬಂದ ಮೇಲೆ ಬೈಯಲು ನಮಗೆ ಬಾಯೇ ಬರಲಿಲ್ಲ. ಅವರು ಬಂದರೆ ಇಬ್ಬರೂ ಮಿಕಮಿಕ ನೋಡುತ್ತ ನಿಲ್ಲುತ್ತಿದ್ದೆವು. ನಾಲ್ಕು ದಿನ ತಡೆದುಕೊಂಡ ಸಾಹೇಬರು ಐದನೆಯ ದಿನ ಬಾಗಿಲಲ್ಲೇ ನಿಂತು ಕೂಗಿದರು:

"ಚಕ್ಕಡಿ ಬಂತ್ರೀ! ಏನರೆ ಅನ್ರಲೇ."