ತಣ್ಣಗಿರುವ ಕಡೆ

“ನನ್ನ ಮಗಳಷ್ಟು ಮಾತು ಕೇಳೋ ಮಗು ಈ ಬೀದೀಲೇ ಇಲ್ಲ ಅಂತ ಬೀಗ್ತಿದ್ದೆ ಮಿಸ್. ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬ್ದಾಗ ‘ಕೈ ಹಿಂದೆ’ ಅಂದ್ರೆ ಸಾಕು, ಎರಡೂ ಕೈ ಬೆನ್ನ ಹಿಂದೆ ಕಟ್ಕೊಂಡು ಕೂತ್ಬಿಡೋಳು. ಇರೋದು ಒಂದೇ ಕೋಣೆ. ಅದರಲ್ಲೇ ಅಂಗಡಿ, ಅದರಲ್ಲೇ ಅಡುಗೆ. ನಡೆಯೋಕೆ ಕಲಿತಾಗಿಂದ ಅವಳ ಮೈಮೇಲೆ ಒಂದು ಬೊಬ್ಬೆ ಎದ್ದಿಲ್ಲ. ಹೆತ್ತೋಳಿಗೆ ಇನ್ನೇನು ಬೇಕು ಹೇಳಿ?”

ಬೀದಿಯವರ ಬಾಯಲ್ಲಿ ಇಸ್ತ್ರಿ ಅಕ್ಕನಾದ ಆಕೆ ಇದನ್ನು ಹೇಳಿದ್ದು ಶಿಶುವಿಹಾರದ ಟೀಚರಿಗೆ. ಮಗಳು ಗುಬ್ಬಿಗೆ ಆಗಷ್ಟೇ ನಾಲ್ಕು ತುಂಬಿತ್ತು. ಅವಳು ಮಣಿ ಪೋಣಿಸುವುದಿಲ್ಲ, ಜೇಡಿಮಣ್ಣು ಮುಟ್ಟುವುದಿಲ್ಲ, ಕ್ರೇಯಾನ್ ಕೊಟ್ಟರೆ ನೋಡುತ್ತ ಕೂರುತ್ತಾಳೆ, ಹೀಗೇ ಆದರೆ ಮುಂದಿನ ತರಗತಿಗೆ ಕಳಿಸುವುದು ಹೇಗೆ ಎಂದು ಟೀಚರು ಹೇಳಿ ಕಳಿಸಿದ್ದರು. ಕೈಯಲ್ಲಿ ಬಲವಿಲ್ಲವೇನೋ, ಡಾಕ್ಟರಿಗೆ ತೋರಿಸಿ ಎಂದೂ ಅಂದಿದ್ದರು.

“ಮುಟ್ಟಿದ್ರೆ ತುಂಟಿ ಅಂತಾರೆ, ಮುಟ್ಟದಿದ್ರೆ ರೋಗ ಅಂತಾರೆ,” ಎಂದು ಮನೆಯಲ್ಲಿ ಅಕ್ಕನ ಅತ್ತೆ ಗೊಣಗಿದ್ದಳು.

ಡಾಕ್ಟರು ಏನೂ ಇಲ್ಲವೆಂದರು. ಹಾಗಾದರೆ ಒಂದು ಬೆಳಿಗ್ಗೆ ನೀವೇ ಬಂದು ಕೂತು ನೋಡಿ ಎಂದರು ಟೀಚರು. ಅಕ್ಕ ಹೋಗಿ, ಹಿಂದಿನ ಪುಟ್ಟ ಬೆಂಚಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತಳು. ಆಯಾ ಜೇಡಿಮಣ್ಣು ತುಂಬಿದ ತಟ್ಟೆ ತಂದಿಟ್ಟಳು. ಮಕ್ಕಳೆಲ್ಲ ಮುಗಿಬಿದ್ದರು. ಗುಬ್ಬಿ ಮಾತ್ರ ಯಾರೂ ಹೇಳದೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. ಮೇಜಿನ ಮೇಲೆ ಏನಿಟ್ಟರೂ ಅದು ಕೆಂಡವೇ ಅಂದುಕೊಂಡಿತ್ತು ಮಗು.

ಆಗ ಅಕ್ಕ ಆ ಮಾತೆಲ್ಲ ಆಡಿದ್ದು. ಟೀಚರು ಬೆಂಚಿನ ಪಕ್ಕ ಬಂದು ಕೂತರು.

“ಕೈ ಕಟ್ಕೊಳ್ಳೋದು ನಾನೂ ನೋಡಿದ್ದೆ. ಒಳ್ಳೇ ಶಿಸ್ತು ಅಂದ್ಕೊಂಡೆ.”

“ಹಂಗಂತ ಬಿಡಕ್ಕಾಗುತ್ತಾ ಮಿಸ್? ಸುಟ್ಕೊಂಡ್ರೆ?”

“ಬಿಡ್ಬೇಡಿ. ಬಿಸಿ ಯಾವ್ದು, ತಣ್ಣಗಿರೋದು ಯಾವ್ದು ಅಂತ ಬೇರೆ ಮಾಡಿ ತೋರ್ಸಿ. ಇಲ್ಲಿ ನಾನೂ ಅದನ್ನೇ ಹೇಳ್ತೀನಿ.”

ಅಕ್ಕ ಮನೆಗೆ ಬಂದು ಇಸ್ತ್ರಿ ಮೇಜನ್ನು ಒಳಗೋಡೆಗೆ ತಳ್ಳಿದಳು. ಬಾಗಿಲ ಹತ್ತಿರ ಸ್ಟೂಲು ಹಾಕಿ, ಬಟ್ಟೆಗೆ ಚಿಮುಕಿಸುವ ನೀರಿನ ಬೋಗುಣಿ ಇಟ್ಟಳು. ಇದು ತಣ್ಣಗಿರೋ ಕಡೆ, ಇಲ್ಲಿರೋದೆಲ್ಲ ನಿಂದೇ ಎಂದಳು. ಇವತ್ತು ನೀರು, ನಾಳೆ ಬೆಂಕಿ ಎಂದು ಅತ್ತೆ ಮೂತಿ ತಿರುವಿದಳು. ಗುಬ್ಬಿ ಎಷ್ಟೋ ದಿನ ಸ್ಟೂಲಿನ ಪಕ್ಕ ಬರೀ ನಿಂತಳು. ಆಮೇಲೆ ಒಂದು ದಿನ ಬೆರಳು ಅದ್ದಿದಳು. ಶಿಶುವಿಹಾರದಲ್ಲಿ ಮಣ್ಣು ಮುಟ್ಟಿದಳಂತೆ, ಉಂಡೆ ಇನ್ನೂ ಕಟ್ಟಿಲ್ಲವಂತೆ. ಮುಂದಿನ ತರಗತಿಯ ಮಾತು ರಜೆ ಹತ್ತಿರ ಬಂದಾಗ ನೋಡೋಣ ಎಂದರು ಟೀಚರು.

ಈಗ ಅಂಗಿಗಳಿಗೆ ನೀರು ಚಿಮುಕಿಸುವವಳು ಗುಬ್ಬಿಯೇ. ಕಾಲರು ಒಣಗಿರುತ್ತದೆ, ತೋಳು ತೊಪ್ಪೆಯಾಗಿರುತ್ತದೆ. ಅಕ್ಕ ತೋಳು ಹಿಂಡಿ, ಅಂಗಿ ಸುತ್ತಿ ಬದಿಗಿಟ್ಟು, ಮುಂದಿನದನ್ನು ಸ್ಟೂಲಿನ ಮೇಲೆ ಹರಡುತ್ತಾಳೆ.