ನಾಲ್ಕು ಕಾಳು ಸಕ್ಕರೆ

ಹುಬ್ಬಳ್ಳಿಯಲ್ಲಿ ನಾನು ಇಂಜಿನಿಯರಿಂಗ್ ಓದುವಾಗ ಸ್ವಂತ ಲ್ಯಾಬ್ ಜರ್ನಲ್ ಬರೆಯುವವರು ಕ್ಲಾಸಿಗೆ ಇಬ್ಬರೋ ಮೂವರೋ ಇರುತ್ತಿದ್ದರು. ಉಳಿದವರೆಲ್ಲ ಅವರದನ್ನು ನೋಡಿ ಇಳಿಸಿಕೊಳ್ಳುವವರು. ಒಮ್ಮೆ ಒಬ್ಬಳು ಯಾವುದೋ ಪ್ರಯೋಗದ ರೀಡಿಂಗ್ ತಪ್ಪು ಬರೆದಿದ್ದಳು. ಆ ತಪ್ಪು ನಲವತ್ತು ಜರ್ನಲ್‌ಗಳಿಗೆ ಇಳಿಯಿತು, ನಲವತ್ತಕ್ಕೂ ನಮ್ಮ ಸರ್ ಸಹಿ ಹಾಕಿ ಸೀಲು ಒತ್ತಿ ಕೊಟ್ಟರು. ಜರ್ನಲ್ ಕೊಡಲು ಒಲ್ಲೆ ಎಂದವಳನ್ನು "ಭಾಳ ಶಾಣ್ಯಾಕಿ ಬಂದಾಳ ನೋಡು" ಎಂದು ದೂರ ಇಡುತ್ತಿದ್ದೆವು. ಕೊಡುವುದು ಗೆಳೆತನ, ಕೇಳುವುದು ಸಲಿಗೆ. ಅದಕ್ಕೆ ಬೇರೆ ಹೆಸರೂ ಇದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಆ ಬುದ್ಧಿಯನ್ನೇ ಗಂಟು ಕಟ್ಟಿಕೊಂಡು ನಾನು ಮಾಸ್ಟರ್ಸ್ ಮಾಡಲು ಮೆಲ್ಬರ್ನಿಗೆ ಹೋದೆ.

ಅಲ್ಲಿ ನನಗೆ ಸಿಕ್ಕಿದವಳು ಧಾರವಾಡದ ಹುಡುಗಿ. ಮೊದಲ ದಿನ ಐಡಿ ಕಾರ್ಡಿನ ಕ್ಯೂನಲ್ಲಿ ನನ್ನ ಮುಂದೆ ನಿಂತು ಫೋನಿನಲ್ಲಿ ಅವರಮ್ಮನಿಗೆ, "ಥಂಡಿ ಏನ್ ಕೇಳ್ತಿಬೇ, ಹಲ್ಲು ಕಟಕಟ ಅನ್ನಾಕ ಹತ್ಯಾವು" ಎನ್ನುತ್ತಿದ್ದಳು. ಹಿಂದಿನಿಂದ ನಾನು ನಕ್ಕೆ. ತಿರುಗಿ ನೋಡಿ, "ನಮ್ಮ ಕಡೀಕಿ ಅದೀಯೇನ?" ಎಂದಳು. ಆ ವಾರವೇ ಇಬ್ಬರೂ ಸೇರಿ ರೈಲು ನಿಲ್ದಾಣಕ್ಕೆ ಹತ್ತಿರದ ಒಂದು ಸಣ್ಣ ಮನೆಯಲ್ಲಿ ಒಂದೇ ಕೋಣೆ ಹಿಡಿದೆವು. ಎರಡು ಮಂಚ, ನಡುವೆ ಒಂದು ಮೇಜು. ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್ ಬೆನ್ನಿಗೆ ಬೆನ್ನು ಹಚ್ಚಿ ಕೂತಿರುತ್ತಿದ್ದವು.

ಅವಳಿಗೆ ಒಂದು ಪದ್ಧತಿಯಿತ್ತು. ಯಾರ ಪಾತ್ರೆಯನ್ನೂ ಖಾಲಿ ವಾಪಸು ಕೊಡುತ್ತಿರಲಿಲ್ಲ. ಪಕ್ಕದ ಮನೆಯ ಗ್ರೀಕ್ ಅಜ್ಜಿ ಒಂದು ಬೋಗುಣಿಯ ತುಂಬ ತನ್ನ ಗಿಡದ ನಿಂಬೆಹಣ್ಣು ಕೊಟ್ಟಿದ್ದಳು. ಇವಳು ಅದರಲ್ಲಿ ಅವಲಕ್ಕಿ ಚೂಡಾ ತುಂಬಿ ಕಳಿಸಿದಳು. ಅಜ್ಜಿ ಮತ್ತೆ ನಿಂಬೆಹಣ್ಣು ಕಳಿಸಿದಳು. ಎರಡು ವರ್ಷ ಆ ಬೋಗುಣಿಗೆ ಬೇಲಿಯ ಆಚೆ ಈಚೆ ಓಡಾಡುವುದೇ ಕೆಲಸವಾಯಿತು. ಪರೀಕ್ಷೆಯ ಗದ್ದಲದಲ್ಲಿ ಒಂದು ದಿನ ನಾನು ಅದನ್ನು ತೊಳೆದು ಹಾಗೆಯೇ ಕೊಡಲು ಹೊರಟಾಗ ಬಾಗಿಲಲ್ಲಿ ಅಡ್ಡ ನಿಂತಳು. "ಖಾಲಿ ಕೊಡಬಾರದಲೇ. ಏನೂ ಇಲ್ಲಂದ್ರ ನಾಕು ಕಾಳು ಸಕ್ರಿಯರ ಹಾಕು." ಹಾಕಿ ಕೊಟ್ಟೆ. ಅಜ್ಜಿ ತಳದಲ್ಲಿದ್ದ ಸಕ್ಕರೆ ನೋಡಿ, ಸರಿಯಾಗಿ ತೊಳೆದಿಲ್ಲ ಎಂದುಕೊಂಡಿರಬೇಕು.

ಓದಿನಲ್ಲಿ ಅವಳು ಮುಂದೆ, ನಾನು ಹೇಗೋ ತಳ್ಳಿಕೊಂಡು ಹೋಗುವವಳು. ಕೊನೆಯ ಸೆಮಿಸ್ಟರಿನ ಹೊತ್ತಿಗೆ ನಾರ್ತ್ ಸಿಡ್ನಿಯ ಒಂದು ಕನ್ಸಲ್ಟಿಂಗ್ ಆಫೀಸಿಗೆ ಇಬ್ಬರೂ ಅರ್ಜಿ ಹಾಕಿದ್ದೆವು. ಅವಳು ಆಯ್ಕೆಯಾದಳು, ನನ್ನನ್ನು ವೇಟಿಂಗ್ ಲಿಸ್ಟಿನಲ್ಲಿ ಇಟ್ಟರು. ಅವಳಿಗೆ ಬಂದ ಪತ್ರದಲ್ಲಿ ಒಂದು ಷರತ್ತಿತ್ತು: ಆ ಸೆಮಿಸ್ಟರಿನ ಎಲ್ಲ ವಿಷಯಗಳಲ್ಲೂ ಪಾಸಾಗಬೇಕು. "ಇದೊಂದು ಷರತ್ತೇನು" ಎಂದು ಇಬ್ಬರೂ ನಕ್ಕೆವು. ಅವಳು ಫೇಲಾಗುವುದೆಂದರೆ ಸೂರ್ಯ ಪಶ್ಚಿಮಕ್ಕೆ ಹುಟ್ಟಿದ ಹಾಗೆ. ನನಗೆ ಹೊಟ್ಟೆಕಿಚ್ಚು ಆಗಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ. ಆದರೂ ಅವಳ ಖುಷಿಗೆ ನಾನೇ ಕ್ಯಾರೆಟ್ ಹಲ್ವಾ ಮಾಡಿದ್ದೆ.

ಆ ಸೆಮಿಸ್ಟರಿನ ದೊಡ್ಡ ಅಸೈನ್‌ಮೆಂಟು ಸೋಮವಾರ ಸಂಜೆ ಐದಕ್ಕೆ ಕೊಡಬೇಕಿತ್ತು. ಹಿಂದಿನ ಶನಿವಾರ, ರವಿವಾರ ಅವಳು ಕೋಣೆಯಲ್ಲಿ ಕೂತು ಬರೆದಳು. ನಾನು ಬೇರೆ ಗೆಳತಿಯರ ಜೊತೆ ಸಮುದ್ರ ನೋಡಲು ಹೋದೆ. ವರ್ಷಗಟ್ಟಲೆ ನಾನು ಈ ಭಾಗವನ್ನು ನೆನಪಿಸಿಕೊಳ್ಳುವಾಗ, ಪಾರ್ಟ್ ಟೈಮ್ ಕೆಲಸದ ಒತ್ತಡವಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಇರಲಿಲ್ಲ. ಬಂಡೆಯ ಮೇಲೆ ಕೂತು ಚಿಪ್ಸ್ ತಿನ್ನುತ್ತಿದ್ದೆ.

ಸೋಮವಾರ ಬೆಳಿಗ್ಗೆ ಖಾಲಿ ಪುಟದ ಮುಂದೆ ಕೂತು ಅಳು ಬಂತು. ಅವಳು ಚಹಾ ತಂದಿಟ್ಟು ನೋಡಿದಳು.

"ಎರಡು ದಿನ ತಿರಗ್ಯಾಡಿ ಬಂದು ಈಗ ಅಳಾಕ ಹತ್ತೀಯೇನು?"

"ನಿಂದು ಕೊಡಲೇ. ನೋಡ್ಕೋತೀನಿ ಅಷ್ಟ."

ಒಂದು ಕ್ಷಣವೂ ಯೋಚಿಸಲಿಲ್ಲ. ಪೆನ್ ಡ್ರೈವ್ ಮೇಜಿನ ಮೇಲೆ ದೂಡಿದಳು. "ಇಳಿಸ್ಕೋ. ಆದ್ರ ಶಬ್ದ ಬದಲಿಸು, ಇದು ಹುಬ್ಬಳ್ಳಿ ಅಲ್ಲ."

ಶಬ್ದ ಬದಲಿಸಿದೆ, ಪ್ಯಾರಾಗಳನ್ನು ಹಿಂದೆ ಮುಂದೆ ಮಾಡಿದೆ. ಎರಡು ಗಂಟೆಗೆ ಕಳಿಸಿ ಸ್ನಾನಕ್ಕೆ ಹೋದೆ. ಅವಳು ತನ್ನದನ್ನು ಮೂರು ಸಲ ಓದಿ, ಕೂಡಿಸಿ ಕಳೆದು, ಐದಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದಳು. ಮೂರು ಸಲ ಓದಿದರೂ ಒಂದು ಕೋಷ್ಟಕದ ಮೊತ್ತ ತಪ್ಪಾಗಿದ್ದು ಅವಳ ಕಣ್ಣಿಗೆ ಬೀಳಲಿಲ್ಲ. ನನ್ನದರಲ್ಲೂ ಅದೇ ಕೋಷ್ಟಕ, ಅದೇ ತಪ್ಪು ಮೊತ್ತ. ಇಲ್ಲಿ ಅದಕ್ಕೆ ಸಹಿ ಹಾಕುವ ಸರ್ ಇರಲಿಲ್ಲ.

ಎರಡು ವಾರದ ಮೇಲೆ ಇಬ್ಬರಿಗೂ ಯೂನಿವರ್ಸಿಟಿಯಿಂದ ಒಂದೇ ಥರದ ಇಮೇಲ್ ಬಂತು. ಇಬ್ಬರ ಅಸೈನ್‌ಮೆಂಟೂ ಒಂದೇ ಥರ ಇದೆ, ವಿಚಾರಣೆಗೆ ಬರಬೇಕು, ನನ್ನ ಸರದಿ ಹತ್ತೂವರೆಗೆ, ಅವಳದು ಹನ್ನೊಂದೂಕಾಲಿಗೆ. ಅವಳು ಸೀನಿಯರ್ ಒಬ್ಬರನ್ನು ಕೇಳಿಕೊಂಡು ಬಂದಳು. ಮೊದಲ ಸಲ ತಪ್ಪು ಮಾಡಿ ಒಪ್ಪಿಕೊಂಡರೆ ಆ ಅಸೈನ್‌ಮೆಂಟಿಗಷ್ಟೇ ಸೊನ್ನೆ, ವಿಷಯದಲ್ಲಿ ಪಾಸಾಗಲು ಅಡ್ಡಿಯಿಲ್ಲ ಎಂದಿದ್ದರಂತೆ.

"ಇದ್ದದ್ದು ಇದ್ದಂಗ ಹೇಳೋಣ," ಎಂದಳು. "ನಾ ಕೊಟ್ಟೆ, ನೀ ಇಳಿಸ್ಕೊಂಡಿ. ಇಬ್ಬರೂ ಒಂದ ಮಾತು. ಹ್ಞೂಂ ಅನ್ನು."

ಹ್ಞೂಂ ಎಂದೆ. ಆದರೆ ನನ್ನ ಲೆಕ್ಕ ಬೇರೆಯಿತ್ತು. ಸೊನ್ನೆ ಬಂದರೂ ಅವಳು ಪಾಸಾಗುತ್ತಿದ್ದಳು. ಮೊದಲಿನ ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದಿದ್ದ ನಾನು ಸೊನ್ನೆ ಬಂದರೆ ಆ ವಿಷಯದಲ್ಲಿ ಫೇಲಾಗಿಯೇಬಿಡುತ್ತಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಮೂವರು ಕೂತಿದ್ದರು. ಮೇಜಿನ ಮೇಲೆ ನೀರಿನ ಜಗ್ಗು, ಟಿಶ್ಯೂ ಡಬ್ಬ. ಯಾರೂ ಗದರಲಿಲ್ಲ, ಗದರಿದ್ದರೆ ನಿಜ ಹೇಳುತ್ತಿದ್ದೆನೋ ಏನೋ. ನಡುವೆ ಕೂತಿದ್ದ ಹೆಂಗಸು ಕಾಗದ ತಿರುವುತ್ತ, ನಿನ್ನದು ಅವಳದಕ್ಕಿಂತ ಸುಮಾರು ಮೂರು ಗಂಟೆ ಮೊದಲು ಬಂದಿದೆ, ಇದಕ್ಕೆ ಏನು ಹೇಳುತ್ತೀ ಎಂದು ಕೇಳಿದರು. ಆ ಕ್ಷಣದವರೆಗೆ ನನಗೆ ಅದು ಹೊಳೆದಿರಲಿಲ್ಲ, ದೇವರಾಣೆ. ಹೊಳೆದ ಮೇಲೆ ಬಾಯಿ ತಾನಾಗಿ ಹೊರಳಿತು. ನಾವಿಬ್ಬರೂ ಒಂದೇ ಕೋಣೆಯಲ್ಲಿರುತ್ತೇವೆ ಎಂದೆ. ನನ್ನ ಲ್ಯಾಪ್‌ಟಾಪು ಸದಾ ತೆರೆದೇ ಇರುತ್ತದೆ ಎಂದೆ. ನಾನು ಕಳಿಸಿ ಸ್ನಾನಕ್ಕೆ ಹೋಗಿದ್ದೆ ಎಂದೆ. ಹಾವು ಸಾಯಬಾರದು, ಕೋಲು ಮುರಿಯಬಾರದು ಅನ್ನುತ್ತಾರಲ್ಲ, ಹಾಗೆ. ಮೂರು ವಾಕ್ಯದಲ್ಲಿ ಒಂದೂ ಸುಳ್ಳಿರಲಿಲ್ಲ, ಮೂರೂ ಸೇರಿ ಅವಳನ್ನು ಕಳ್ಳಿ ಮಾಡಿದವು. ಆ ಹೆಂಗಸು ತಲೆಯಾಡಿಸುತ್ತ ಬರೆದುಕೊಂಡರು.

ಹೊರಗೆ ಕಾರಿಡಾರಿನಲ್ಲಿ ಅವಳು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ಹೇಳಿದೇನು?"

"ಹೇಳಿದೆ."

"ಛಲೋ ಆತು," ಎಂದು ಎದ್ದು ಒಳಗೆ ಹೋದಳು.

ಮುಕ್ಕಾಲು ಗಂಟೆಯ ಮೇಲೆ ಹೊರಗೆ ಬಂದಳು. ಮುಖದಲ್ಲಿ ಏನೂ ಕಾಣಲಿಲ್ಲ. "ನಡಿ" ಎಂದಳು, ಬಸ್ಸಿನಲ್ಲಿ ಕಿಟಕಿಯ ಕಡೆ ಕೂತಳು. ಮನೆಗೆ ಬಂದು ಉಪ್ಪಿಟ್ಟು ಮಾಡಿದಳು, ನನ್ನ ತಟ್ಟೆಗೇ ಮೊದಲು ಬಡಿಸಿದಳು.

ವಾರದೊಳಗೆ ತೀರ್ಪು ಬಂತು. ನನ್ನ ಮೇಲೆ ಕ್ರಮವಿಲ್ಲ. ಅವಳು ಇಳಿಸಿಕೊಂಡದ್ದೂ ಅಲ್ಲದೆ ಒಪ್ಪಿಕೊಳ್ಳಲೂ ಇಲ್ಲವೆಂದು ಆ ಇಡೀ ವಿಷಯದಲ್ಲೇ ಫೇಲ್. ಏನಾಯಿತು ಎಂದು ನಾನು ಕೇಳಬೇಕಿತ್ತು, ಕೇಳಲಿಲ್ಲ. "ಅವರಿಗೆ ತಿಳೀಲಿಲ್ಲ ಬಿಡು" ಎಂದಳು ಅವಳೇ, ನಾನು "ಹೌದು ಬಿಡು" ಎಂದೆ. ಆಮೇಲಿನ ದಿನಗಳಲ್ಲಿ ಸಂಜೆ ಚಹಾ ಕುಡಿಯುವಾಗ ಅವಳು ಲೋಟ ಕೆಳಗಿಟ್ಟು, "ಮತ್ತ? ಹೇಳು" ಎನ್ನುತ್ತಿದ್ದಳು. ನಮ್ಮ ಕಡೆ ಮಾತಿಗೆ ಮಾತು ಹುಟ್ಟದಿದ್ದಾಗ ಹಾಗೆ ಅನ್ನುವುದು ರೂಢಿ. ನಾನು ಟ್ರಾಮು ತಡವಾದದ್ದು, ಗಾಳಿ ಬೀಸಿದ್ದು, ಊರಿನಲ್ಲಿ ಯಾರದೋ ಮದುವೆ ಗೊತ್ತಾದದ್ದು ಹೇಳುತ್ತಿದ್ದೆ.

ನಾರ್ತ್ ಸಿಡ್ನಿಯವರು ಅವಳಿಗೆ ಕೊಟ್ಟ ಜಾಗವನ್ನು ಹಿಂದಕ್ಕೆ ಪಡೆದರು. ಮುಂದಿನ ತಿಂಗಳು ನನ್ನನ್ನು ಕರೆದರು. ಅವಳದೇ ಜಾಗ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಾನು ಹೊರಟ ದಿನ ಅವಳೇ ನನ್ನ ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆದಳು. ನನ್ನ ಸ್ಟೀಲ್ ಡಬ್ಬಿ ಅವಳ ಕಪಾಟಿನಲ್ಲಿ ಉಳಿದಿತ್ತು. ಅದರ ತುಂಬ ಶೇಂಗಾ ಚಟ್ನಿಪುಡಿ ಒತ್ತಿ ತುಂಬಿ ಕೈಗಿಟ್ಟಳು. ಸಿಡ್ನಿಯಲ್ಲಿ ಮೊದಲ ತಿಂಗಳು ನಾನು ಅನ್ನಕ್ಕೆ, ಬ್ರೆಡ್ಡಿಗೆ ಅದನ್ನೇ ಹಚ್ಚಿಕೊಂಡು ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ. ಇಳಿಯಿತು, ರುಚಿಯಾಗಿಯೇ ಇತ್ತು.

ಹನ್ನೊಂದು ವರ್ಷವಾಯಿತು. ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿತು, ಮದುವೆಯಾಯಿತು, ಆಫೀಸು ಬದಲಾಗಿ ಈಗ ಸಿಡ್ನಿಯಲ್ಲೇ ಮ್ಯಾಕ್ವೆರಿ ಪಾರ್ಕಿಗೆ ಮೆಟ್ರೋದಲ್ಲಿ ಹೋಗಿಬರುತ್ತೇನೆ. ಅವಳು ಆ ವಿಷಯವನ್ನು ಮತ್ತೆ ಓದಿ ಪಾಸು ಮಾಡಿದಳಂತೆ, ಆದರೆ ಕಂಪನಿಗಳ ಕೆಲಸದ ದಾರಿ ತಪ್ಪಿಹೋಯಿತು. ಈಗ ಮೆಲ್ಬರ್ನಿನ ಅಂಚಿನ ಕ್ಲೈಡ್ ನಾರ್ತಿನಲ್ಲಿ ಮನೆಯಲ್ಲೇ ನಾಲ್ಕು ಮಕ್ಕಳನ್ನು ನೋಡಿಕೊಳ್ಳುವ ಡೇ ಕೇರ್ ನಡೆಸುತ್ತಾಳೆ. ದೀಪಾವಳಿಗೆ ಯುಗಾದಿಗೆ ಮೆಸೇಜು ಹಾಕಿಕೊಳ್ಳುತ್ತಿದ್ದೆವು. ಹೋದ ಚಳಿಗಾಲದಲ್ಲಿ ಆಫೀಸಿನ ಕೆಲಸಕ್ಕೆ ಮೆಲ್ಬರ್ನಿಗೆ ಹೋಗುವುದು ಬಂದಾಗ, ಬರುತ್ತೇನೆ ಎಂದು ಬರೆದೆ. "ಬಾ" ಎಂದು ಉತ್ತರ ಬಂತು. ಶೇಂಗಾ ಉಂಡಿ ಕಟ್ಟಿ ಅದೇ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೋದೆ. ಈ ಸಲ ಹೇಳಿಯೇಬಿಡುತ್ತೇನೆ ಎಂದು ವಿಮಾನದಲ್ಲಿ ಮಾತು ಜೋಡಿಸುತ್ತ ಕೂತಿದ್ದೆ.

ಬಾಗಿಲು ತೆರೆದದ್ದು ಅವಳ ಮಗಳು. ಒಳಗೆ ತಿರುಗಿ, ಮಮ್ಮಿ, ಯಾರೋ ಆಂಟಿ ಬಂದಿದ್ದಾರೆ ಎಂದು ಇಂಗ್ಲಿಷಿನಲ್ಲಿ ಕೂಗಿದಳು. "ನನ್ನ ರೂಮ್‌ಮೇಟ್ ಪುಟ್ಟಾ" ಎಂದು ಅವಳು ಕೈ ಒರೆಸಿಕೊಳ್ಳುತ್ತ ಬಂದಳು. ಸ್ವಲ್ಪ ದಪ್ಪಗಾಗಿದ್ದಳು, ಚೆನ್ನಾಗಿ ಕಾಣುತ್ತಿದ್ದಳು. ಡೇ ಕೇರಿನ ಮಕ್ಕಳು ಮಲಗಿದ್ದರು. ಅಡುಗೆಮನೆಯಲ್ಲಿ ಪುಟ್ಟ ಕುರ್ಚಿಗಳನ್ನು ಒರೆಸುತ್ತಿದ್ದವಳ ಪಕ್ಕ ನಿಂತು, ವಿಮಾನದಲ್ಲಿ ಜೋಡಿಸಿದ್ದನ್ನೆಲ್ಲ ಬಿಟ್ಟು, "ಅವತ್ತ ನಾ ಒಳಗ ನಿಜ ಹೇಳಲಿಲ್ಲ" ಎಂದೆ.

"ಗೊತ್ತೈತಿ," ಎಂದಳು, ಒರೆಸುವುದನ್ನು ನಿಲ್ಲಿಸದೆ. "ನೀ ಹೇಳಿದ್ದು ನನ್ನ ಮುಂದ ಓದಿದ್ರು. ಲ್ಯಾಪ್‌ಟಾಪು, ಸ್ನಾನ, ಎಲ್ಲಾ."

"ಮತ್ತ ನೀ ಯಾಕ ಹೇಳಲಿಲ್ಲ?"

"ನಾನ ಬರದದ್ದು ಅಂತ ಹೇಳಿದೆ. ಹಂಗಾರ ನಿನ್ನ ಗೆಳತಿ ಸುಳ್ಳು ಹೇಳ್ಯಾಳೇನು ಅಂತ ಕೇಳಿದ್ರು. ಅದಕ್ಕ ಹೌದು ಅನ್ನಾಕ ಬಾಯಿ ಬರಲಿಲ್ಲ." ಬಟ್ಟೆ ಹಿಂಡಿ ನಲ್ಲಿಯ ಮೇಲೆ ಹಾಕಿದಳು. "ಅಪೀಲಿಗೆ ಇಪ್ಪತ್ತು ದಿನ ಕೊಟ್ಟಿದ್ರು. ನೀನ ಹೋಗಿ ಹೇಳ್ತಿ ಅಂತ ಕಾದೆ. ದಿನಾ ಸಂಜಿಗೆ ಕೇಳ್ತಿದ್ದೆ, ಮತ್ತ, ಹೇಳು ಅಂತ. ನೀ ಟ್ರಾಮಿನ ಸುದ್ದಿ ಹೇಳ್ತಿದ್ದಿ."

ನನಗೆ ಅಳು ಬಂತು. ತಪ್ಪಾಯಿತು ಎಂದೆ, ಮತ್ತೆ ಮತ್ತೆ ಎಂದೆ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಹೇಳಿದ್ದು ಛಲೋ ಆತು. ನಿಂಗ ಹಗುರಾತು."

"ನಿಂಗ?"

"ನಂಗೇನ ಬದಲಾಗತೈತಿ ಹೇಳು," ಎಂದು ಚಹಾಕ್ಕೆ ನೀರಿಟ್ಟಳು.

ಚಹಾ ಕುಡಿದೆವು. ಮಗಳಿಗೆ ಒಂದು ಉಂಡಿ ಕೊಟ್ಟಳು, ತಾನೂ ಒಂದು ತಿಂದು, "ಬೆಲ್ಲ ಸ್ವಲ್ಪ ಹೆಚ್ಚಾಗೇತಿ" ಎಂದಳು. ಉಳಿದವನ್ನು ತನ್ನ ಡಬ್ಬಕ್ಕೆ ಸುರಿದುಕೊಂಡಳು. ನನ್ನ ಡಬ್ಬಿಯನ್ನು ತೊಳೆದು, ಒಳಗೆ ಹೊರಗೆ ಬಟ್ಟೆಯಿಂದ ಒರೆಸಿ, ಮುಚ್ಚಳ ಒತ್ತಿದಳು. ಕಟ್ಟೆಯ ಮೇಲೆ ಚಹಾಕ್ಕೆ ತೆಗೆದಿದ್ದ ಸಕ್ಕರೆ ಡಬ್ಬ ಬಾಯಿ ತೆರೆದೇ ಇತ್ತು. ಮಕ್ಕಳು ಏಳುವ ಸದ್ದಾಯಿತು. ಬಾಗಿಲವರೆಗೆ ಬಂದು, ಡಬ್ಬಿ ನನ್ನ ಕೈಗಿಟ್ಟು, "ಆತು, ಹುಷಾರಾಗಿ ಹೋಗು" ಎಂದಳು.

ಟ್ಯಾಕ್ಸಿ ಅವಳ ಓಣಿ ದಾಟಿದ ಮೇಲೆ ಮುಚ್ಚಳ ತೆಗೆದು ನೋಡಿದೆ. ಬೆರಳು ಹಾಕಿ ತಳ ಸವರಿ ನೋಡಿದೆ. ಅವಳು ಮರೆಯುವವಳಲ್ಲ. ಒಂದು ಕಾಳೂ ಇರಲಿಲ್ಲ.